ಅಟ್ಟದ ಕೆಳಗೊಂದು ರಾಷ್ಟ್ರಗೀತೆ

ಬೆಳಿಗ್ಗೆ ಸರಿಯಾಗಿ ಹತ್ತೂ ಇಪ್ಪತ್ತಕ್ಕೆ ನನ್ನ ಮೂಗು ತುರಿಸಿತು. ರಾಷ್ಟ್ರಗೀತೆ ಶುರುವಾದೊಡನೆ ಮೂಗು ತುರಿಸುವುದು ನನ್ನ ಆಜನ್ಮ ದೌರ್ಬಲ್ಯ; ನಿಮಗೂ ಇದ್ದೀತು, ಒಪ್ಪಿಕೊಳ್ಳಲು ಸಂಕೋಚವಿರಬಹುದು. ಆದರೆ ಅಂದಿನ ತುರಿಕೆಗೆ ಕಾರಣ ಬೇರೆ. ಮೇಲಿನಿಂದ ಮರದ ಪುಡಿ ಉದುರುತ್ತಿತ್ತು.

ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವ ನನ್ನನ್ನು, ದಂಡಿನಶಿವರದ ಆಚೆಗಿರುವ ನಮ್ಮೂರಿನ ಶಾಲೆಯವರು ಸ್ವಾತಂತ್ರ್ಯ ದಿನದ ಭಾಷಣಕ್ಕೆ ಕರೆದಿದ್ದರು. ಬಾವುಟ ಏರಿದ ಮೇಲೆ ಮಳೆ ಹಿಡಿದುಕೊಂಡದ್ದರಿಂದ, ಮಕ್ಕಳನ್ನೆಲ್ಲ ಎದುರಿಗಿದ್ದ ನನ್ನ ಭಾವ ಪುಟ್ಟಸ್ವಾಮಿಯವರ ಕೊಬ್ಬರಿ ಮನೆಗೆ ಸಾಗಿಸಿದೆವು. ಉದ್ದನೆಯ ಹಜಾರ, ಅದಕ್ಕೊಂದೇ ಬಾಗಿಲು. ಮೇಲೆ ಅಟ್ಟ, ಅಟ್ಟದ ತುಂಬ ತಿಂಗಳುಗಟ್ಟಲೆ ಒಣಗಿ ಕೊಬ್ಬರಿಯಾಗುವ ತೆಂಗಿನಕಾಯಿ. ಇಂಥ ಅಟ್ಟದ ಕೆಳಗೇ ಹುಟ್ಟಿ, ಉಂಡು, ಮಲಗಿ ಬೆಳೆದ ನಮಗೆ ತಲೆಯ ಮೇಲೆ ಕಾಯಿಯ ರಾಶಿ ಇರುವುದು, ನಿಮಗೆ ತಲೆಯ ಮೇಲೆ ಆಕಾಶ ಇರುವಷ್ಟೇ ಸಹಜ. ಕೊಬ್ಬರಿಯ ಧಾರಣೆ ಏರಲೆಂದು ಭಾವ ಹಳೆಯ ಕಾಯಿ ಇಳಿಸದೆ, ಅದರ ಮೇಲೇ ಹೊಸ ಕಾಯಿ ಏರಿಸಿದ್ದರು. ಅದು ಯಾರಿಗೂ ವಿಶೇಷವೆನಿಸಲಿಲ್ಲ.

ನನ್ನ ಭಾಷಣದ ವಿಷಯ, ರಾಷ್ಟ್ರಗೀತೆಯ ಗುಣದೋಷಗಳ ನಿಷ್ಪಕ್ಷಪಾತ ವಿಮರ್ಶೆ. ಕೆಲವು ದೇಶಗಳ ಗೀತೆ ಮುಗಿಯುವುದೇ ಇಲ್ಲ, ಕೆಲವಕ್ಕೆ ಮಾತೇ ಇಲ್ಲ, ಕೆಲವು ರಕ್ತದಲ್ಲಿ ಅದ್ದಿದವು ಎಂದು ವಿವರಿಸಿ, ನಮ್ಮದಕ್ಕೂ ಔದಾರ್ಯದಿಂದ ಒಂದು ಕೊರತೆ ಹುಡುಕಿಕೊಟ್ಟಿದ್ದೆ: ಅರ್ಥ ತಿಳಿಯದೆ, ಬರಿಯ ಅಭ್ಯಾಸಬಲದಿಂದ, ಗೊಂಬೆಗಳಂತೆ ನಿಂತು ಹಾಡುವುದರಲ್ಲಿ ಏನು ಸಾರ್ಥಕ್ಯ? ಚಪ್ಪಾಳೆಯೂ ಬಿತ್ತು. ಬಳಿಕ ಆ ಗೊಂಬೆಗಳು ಎದ್ದು ನಿಂತು ಹಾಡತೊಡಗಿದವು.

ಪುಡಿಯ ಹಿಂದೆಯೇ ‘ಲಟ್’ ಎಂಬ ಸದ್ದು. ಕತ್ತೆತ್ತಿದೆ. ನಡುತೊಲೆ ಸೀಳುಬಿಟ್ಟಿತ್ತು. ಅದರ ನೇರ ಕೆಳಗೆ, ಬಾಗಿಲಿಗೆ ಎಲ್ಲರಿಗಿಂತ ದೂರದ ಕೊನೆಯ ಸಾಲಿನಲ್ಲಿ, ನನ್ನ ಮಗಳು ಸಿರಿ ದೃಷ್ಟಿ ನೇರವಿಟ್ಟು ಹಾಡುತ್ತಿದ್ದಳು. ಕೂಗಿದರೆ ಇಡೀ ಶಾಲೆ ಒಂದೇ ಬಾಗಿಲಿಗೆ ನುಗ್ಗಿ, ಬಿದ್ದವರ ಮೇಲೆ ಬೀಳುತ್ತದೆ. ಕೂಗದಿದ್ದರೆ ಅಟ್ಟವೇ ಬೀಳುತ್ತದೆ. ಇತಿಹಾಸವನ್ನು ಅರೆದು ಕುಡಿದ ನಾನು ತೊಲೆಯನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡುತ್ತ ನಿಂತೆ.

ಆಗ ಮುಖ್ಯೋಪಾಧ್ಯಾಯಿನಿ ಗಿರಿಜಮ್ಮನವರು ಅಲ್ಲಾಡಿದರು. ರಾಷ್ಟ್ರಗೀತೆಯ ನಡುವೆ ರೆಪ್ಪೆ ಬಡಿದವರನ್ನೂ ಗುರುತಿಟ್ಟುಕೊಳ್ಳುವ ಆಕೆ, ಹಾಡು ನಿಲ್ಲಿಸದೆ, ಮೊದಲ ಸಾಲಿನ ಮಗುವಿನ ಕೈಹಿಡಿದು ಬಾಗಿಲಿನತ್ತ ನಡೆದರು. ಮಗು ಹಾಡುತ್ತಲೇ ನಡೆಯಿತು. ಅದರ ಹಿಂದೆ ಮತ್ತೊಂದು. ಸಾಲಿನ ಹಿಂದೆ ಸಾಲು, ಯಾರೂ ಮೇಲೆ ನೋಡಲಿಲ್ಲ, ಯಾರೂ ಯಾರನ್ನೂ ತಳ್ಳಲಿಲ್ಲ. ಆದರೆ ಗೀತೆ ಚಿಕ್ಕದು. ಕೊನೆಯ ಜಯಘೋಷ ಹತ್ತಿರವಾದಾಗಲೂ ಹಿಂದಿನ ಸಾಲುಗಳು ಒಳಗೇ ಇದ್ದವು. ಹಾಡು ನಿಂತ ಕ್ಷಣ ಇವು ತಲೆಯೆತ್ತುತ್ತವೆಂಬುದು ಹೊಳೆದದ್ದೇ ತಡ, ನಾನು ಮತ್ತೆ ಮೊದಲಿನಿಂದ ಶುರುಮಾಡಿದೆ. ಒಡಕು ಕಂಠ, ಶ್ರುತಿಯ ಸುಳಿವಿಲ್ಲ. ಒಂದು ಗಳಿಗೆ ಮಕ್ಕಳು ಗಲಿಬಿಲಿಗೊಂಡವು. ಮರುಗಳಿಗೆ ನನ್ನೊಡನೆ ದನಿಗೂಡಿಸಿದವು. ಸಿರಿ ಹೊಸ್ತಿಲು ದಾಟಿದಳು. ಅವಳ ಹಿಂದೆ ನಾನೂ ದಾಟಿದೆ.

ತೊಲೆ ಆಗ ಮುರಿಯಿತು. ಹಜಾರವೆಲ್ಲ ಧೂಳಾಗಿ, ತೆಂಗಿನಕಾಯಿಗಳು ಗಡಗಡನೆ ಬಾಗಿಲಿನಿಂದ ಅಂಗಳಕ್ಕೆ ಉರುಳಿ ಬಂದವು. ಓಡಲು ಕಾಲೆತ್ತಿದವರನ್ನು ಗಿರಿಜಮ್ಮ ತಡೆದರು. “ನಿಂತ್ಕಳ್ರೋ. ಅರ್ಧಕ್ಕೆ ಬುಡಂಗಿಲ್ಲ.” ಮಳೆಯಲ್ಲಿ, ಇಡೀ ಶಾಲೆ ಎರಡನೆಯ ಆವೃತ್ತಿಯನ್ನು ಕೊನೆಯವರೆಗೂ ಹಾಡಿತು. ನನ್ನ ಭಾವ, ಎರಡು ಬೆಳೆಯ ಕಾಯಿ ಕಾಲುಗಳ ಸಂದಿಯಲ್ಲೇ ಉರುಳಿ ಚರಂಡಿಗೆ ಹೋಗುತ್ತಿದ್ದರೂ, ಕೈ ತೊಡೆಗೆ ಅಂಟಿಸಿಕೊಂಡು ನೆಟ್ಟಗೆ ನಿಂತಿದ್ದರು.

ಮುಗಿದ ಮೇಲೆ ಮೆಲ್ಲಗೆ ಕೇಳಿದರು, “ಮೇಡಂ, ಈಗ ಅಲ್ಲಾಡ್ಬೋದಾ?”

“ಈಗ ಅಲ್ಲಾಡಿ, ಪುಟ್ಟಸ್ವಾಮಿಯೋರೇ. ಮೊದ್ಲು ಮಕ್ಳನ್ನ ಎಣಿಸನ ಬನ್ನಿ.”

ಎಲ್ಲರೂ ಇದ್ದರು. ಒಬ್ಬರ ಮೊಣಕಾಲೂ ತರಚಿರಲಿಲ್ಲ. ಅಂಗಳದಲ್ಲಿ ನಗುವೋ ಅಳುವೋ ತಿಳಿಯದ ಗದ್ದಲವೆದ್ದಿತು. ಭಾಷಣ ಕೇಳಲು ಬಂದಿದ್ದ ಪಕ್ಕದ ತೋಟದ ಬಸವರಾಜು ನನ್ನ ಬೆನ್ನು ತಟ್ಟಿದ. “ಏನ್ ಮೇಷ್ಟ್ರೇ, ಗೊಂಬೆಗೊಳು ಚೆನ್ನಾಗ್ ನಡ್ದವಾ?” ಸಿರಿ ಮಾತ್ರ ಗಂಭೀರವಾಗಿ, “ಅಪ್ಪಾ, ಎರಡ್ನೇ ಸಲ ನೀನು ತುಂಬ ಮೇಲಿನ ಶ್ರುತಿಗೆ ಎತ್ಕಂಡ್ಬುಟ್ಟೆ” ಎಂದಳು. ಅಷ್ಟು ನಿಷ್ಪಕ್ಷಪಾತವಾದ ವಿಮರ್ಶೆ ನನ್ನ ಭಾಷಣದಲ್ಲೆಲ್ಲೂ ಇರಲಿಲ್ಲ.

ಗೆದ್ದೆವು, ನಿಜ. ಆದರೂ ಗೆದ್ದವನಿಗೆ ನಿದ್ದೆ ಬರಬೇಕಲ್ಲ. ಕಣ್ಣು ಮುಚ್ಚಿದರೆ ‘ಲಟ್’. ನಮ್ಮ ಮನೆಯಲ್ಲೂ ಮಂಚದ ಮೇಲೆ ಅಟ್ಟವಿದೆ. ಮಳೆ ನಿಂತದ್ದೇ ಚಾಪೆ ಸುತ್ತಿಕೊಂಡು ಅಂಗಳಕ್ಕೆ ವಲಸೆ ಹೋದೆ. “ಅಲ್ಲಿ ತಲೆ ಮೇಲೆ ತೆಂಗಿನ ಗರಿ ಬೀಳಲ್ವೇನ್ರೀ?” ಎಂದು ಹೆಂಡತಿ ಕಿಟಕಿಯಿಂದಲೇ ಛೇಡಿಸಿದಳು. ಮಲಗಿದಲ್ಲೇ ನನ್ನ ಭಾಷಣದ ತೀರ್ಪನ್ನು ತಿದ್ದುತ್ತ ಹೋದೆ. ಮಾತನ್ನೂ ರಾಗವನ್ನೂ ತಕ್ಕಡಿಗೆ ಹಾಕಿದ್ದ ನಾನು, ಅದನ್ನು ಹಾಡುವಾಗ ಜನ ಏನಾಗುತ್ತಾರೆಂಬುದನ್ನು ತೂಗಿರಲೇ ಇಲ್ಲ. ಭಯದಲ್ಲಿ ಬುದ್ಧಿ ಮೊದಲು ಕೈಕೊಡುತ್ತದೆ. ಆಗ ಉಳಿಯುವುದು ಬಾಯಿಪಾಠವೊಂದೇ, ಅದೂ ಎಲ್ಲರಿಗೂ ಬರುವಂಥದ್ದು, ಒಬ್ಬ ಬಿಟ್ಟಲ್ಲಿಂದ ಇನ್ನೊಬ್ಬ ಎತ್ತಿಕೊಳ್ಳುವಂಥದ್ದು. ನಾನು ಕೊರತೆಯೆಂದು ಬಗೆದದ್ದೇ ನನ್ನ ಮಗಳನ್ನು ಹೊಸ್ತಿಲು ದಾಟಿಸಿತ್ತು.

ಗಾಂಧಿ ಜಯಂತಿಗೆ ಗಿರಿಜಮ್ಮ ಮತ್ತೆ ಕರೆದರು. “ಭಾಷಣ ಬ್ಯಾಡಿ ಮೇಷ್ಟ್ರೇ, ಸುಮ್ನೆ ಬಂದು ನಿಂತ್ಕಳಿ.” ಒಣಗಿದ ಶಾಲೆಯ ಬಯಲಿನಲ್ಲಿ ನಿಂತೆ. ರಾಷ್ಟ್ರಗೀತೆ ಶುರುವಾಯಿತು, ಮೂಗು ತುರಿಸಿತು. ಥಟ್ಟನೆ ಮೇಲೆ ನೋಡಿದರೆ ಬರಿಯ ಆಕಾಶ, ಸಾಕಷ್ಟು ಗಟ್ಟಿಯಾಗಿಯೇ ಕಂಡಿತು. ತುರಿಸಿಕೊಳ್ಳಲಿಲ್ಲ. ಕೊನೆಯವರೆಗೂ ಹಾಡಿದೆ, ಸಿರಿ ತಿರುಗಿ ನೋಡುವಷ್ಟು ಜೋರಾಗಿ. ಅಂದು ರಾತ್ರಿ ಚಾಪೆ ಒಳಗೆ ತಂದು, ಅಟ್ಟದ ಕೆಳಗಿನ ಮಂಚದಲ್ಲಿ ಮಲಗಿದವನು ಎದ್ದದ್ದು ಬಿಸಿಲು ಮುಖಕ್ಕೆ ಬಿದ್ದಾಗಲೇ.