ಎಳ್ಳ ಅಮಾವಾಸ್ಯೆಗೆ ತಿರುಗುವ ತೊಟ್ಟಿಲು

ನನಗೆ ಸಿಟ್ಟು ಜಾಸ್ತಿ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ನನ್ನದು. ದಿನವಿಡೀ "ಅಳ್ಳಾಡಬ್ಯಾಡ್ರಿ, ಉಸಿರು ಹಿಡೀರಿ, ಹಾಂ, ಬಿಡ್ರಿ" ಎಂದು ಜನರಿಗೆ ಹುಕುಂ ಕೊಟ್ಟು ಕೊಟ್ಟು, ಮನೆಗೆ ಬಂದ ಮೇಲೂ ಬಾಯಲ್ಲಿ ಅದೇ ದನಿ ಉಳಿದಿರುತ್ತದೆ. ಆದರೆ ಆ ವರ್ಷ ಎಳ್ಳ ಅಮಾವಾಸ್ಯೆಯ ದಿನ ಇಡೀ ಮನೆಯವರನ್ನು ಪಾರ್ಕಿಗೆ ಕರೆದೊಯ್ಯುತ್ತೇನೆ ಎಂದು ನಾನು ಹಟ ಹಿಡಿದದ್ದು ಬರೀ ಸಿಟ್ಟಿಗಲ್ಲ. ಅದಕ್ಕೊಂದು ಕಾರಣವಿತ್ತು.

ನಮ್ಮ ಕಡೆ ಎಳ್ಳ ಅಮಾವಾಸ್ಯೆ ಅಂದರೆ ಊರಿಗೆ ಊರೇ ಹೊಲಕ್ಕೆ ಹೋಗುವ ದಿನ. ಸಜ್ಜೆ ಕಡಬು, ಎಳ್ಳು ಹಚ್ಚಿದ ರೊಟ್ಟಿ, ಕಾಳು ಸೊಪ್ಪು ಎಲ್ಲ ಹಾಕಿ ಕುದಿಸಿದ ಭಜ್ಜಿ, ಇಷ್ಟನ್ನೂ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ನಿಂತ ಪೈರಿಗೆ ಒಂದಿಷ್ಟು ಚೆಲ್ಲಿ, ಉಳಿದದ್ದನ್ನು ಎಲ್ಲರೂ ಕೂತು ಉಣ್ಣುತ್ತಾರೆ. ಹೊಲ ಇಲ್ಲದವರು ಹೊಲ ಇದ್ದವರ ಹೊಲಕ್ಕೆ ಹೋಗುತ್ತಾರೆ. ನಮಗೆ ಹೊಲ ಇರಲಿಲ್ಲ. ಕಮಲಾಪುರದಲ್ಲಿ ಅವ್ವ ಗೌಡರ ಹೊಲದಲ್ಲಿ ಕೂಲಿ ಮಾಡಿಯೇ ನನ್ನನ್ನೂ ತಮ್ಮನನ್ನೂ ಓದಿಸಿದವಳು. ಈಗ ತಮ್ಮನಿಗೆ ಕೆಲಸವಿದೆ, ನನಗೂ ಇದೆ, ಅವ್ವ ಕಳೆ ತೆಗೆಯುವ ಕುರ್ಪಿ ಕೆಳಗಿಟ್ಟು ಎಷ್ಟೋ ವರ್ಷವಾಯಿತು. ಆದರೂ ಎಳ್ಳ ಅಮಾವಾಸ್ಯೆ ಬಂದರೆ ಸಾಕು, ಹೊಸ ಸೀರೆ ಉಟ್ಟು ಗೌಡರ ಹೊಲಕ್ಕೆ ನಡೆದೇಬಿಡುತ್ತಾಳೆ. ಅವರೂ ತಪ್ಪದೆ ಕರೆಯುತ್ತಾರೆ.

ಹಿಂದಿನ ವರ್ಷ ನಾನು ಮಗಳನ್ನು ಕರೆದುಕೊಂಡು ಹೋಗಿದ್ದೆ. ಗೌಡರ ಮನೆಯವರೆಲ್ಲ ಬೇವಿನ ಗಿಡದ ಕೆಳಗೆ ಜಮಖಾನೆ ಹಾಸಿಕೊಂಡು ಕೂತಿದ್ದರು. ಅವ್ವ ಮಾತ್ರ ಬದು ದಾಟಿ, ಆಚೆ ಬಿಸಿಲಿನಲ್ಲಿ, ಒಬ್ಬಳೇ ಹೋಗಿ ಕೂತಳು. ಯಾರೂ ಅಲ್ಲಿ ಕೂಡು ಅನ್ನಲಿಲ್ಲ. ಗೌಡರ ಸೊಸೆ ಎರಡು ಸಲ "ಈ ಕಡೆ ಬರ್ರಿ ಆಯಿ, ನೆರಳಿಗೆ" ಎಂದು ಕರೆದಳು. "ಇಲ್ಲೇ ಚಲೋ ಅದ ಬಿಡವ್ವಾ" ಎಂದಳು ಅವ್ವ. ನನ್ನ ಮಗಳು ತಟ್ಟೆ ಹಿಡಿದು ಓಡಿ ಅಜ್ಜಿಯ ಪಕ್ಕದಲ್ಲಿ ಕೂತು ಕೇಳಿದಳು: "ಆಯಿ, ನಾವ್ಯಾಕ ಇಲ್ಲಿ ಕುಂತೀವಿ?"

ಅವ್ವ ರೊಟ್ಟಿ ಮುರಿಯುತ್ತಾ, "ಇದು ನಮ್ಮ ಜಾಗಾ" ಎಂದಳು.

ಅಷ್ಟೇ. ನಾನು ಕೈಯಲ್ಲಿದ್ದ ಕಡಬನ್ನು ತಟ್ಟೆಗೆ ಹಾಕಿದೆ. ಹತ್ತು ವರ್ಷದ ನನ್ನ ಮಗಳು ಇಂಗ್ಲಿಷ್ ಶಾಲೆಗೆ ಹೋಗುತ್ತಾಳೆ, ಯಾರಿಗೂ ಹೆದರುವವಳಲ್ಲ, ಅವಳು "ಹೌದಾ" ಎಂದು ತಲೆ ಆಡಿಸಿ ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳಲ್ಲ! ಒಂದು ತುತ್ತಿನಷ್ಟು ಹೊತ್ತಿನಲ್ಲಿ ಅವ್ವ ಅವಳಿಗೆ ಜಾಗ ತೋರಿಸಿಬಿಟ್ಟಳು. ಆವತ್ತೇ ನಿರ್ಧಾರ ಮಾಡಿದೆ. ಮುಂದಿನ ಎಳ್ಳ ಅಮಾವಾಸ್ಯೆಗೆ ಅವ್ವ ಆ ಹೊಲಕ್ಕೆ ಕಾಲಿಡಕೂಡದು, ನನ್ನ ಮಗಳಂತೂ ಇಲ್ಲವೇ ಇಲ್ಲ.

ಬರೀ "ಹೋಗಬ್ಯಾಡ" ಎಂದರೆ ಅವ್ವ ಕೇಳುವ ಪೈಕಿ ಅಲ್ಲ. ಹೋಗಲು ಬೇರೆ ಜಾಗ ಬೇಕಿತ್ತು. ಮಹಾಗಾಂವ ಕ್ರಾಸಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಪಾರ್ಕ್ ಇದೆ. ಒಂದು ತಿರುಗುವ ತೊಟ್ಟಿಲು, ಒಂದು ದೋಣಿ ಜೋಕಾಲಿ, ಸುತ್ತು ಹೊಡೆಯುವ ಪುಟಾಣಿ ರೈಲು, ಹುಲ್ಲು ಹಾಸು, ನಾಲ್ಕು ಜಾರುಬಂಡಿ. ಅಷ್ಟೇ ಅದರ ದೌಲತ್ತು. ದೊಡ್ಡ ಊರಿನವರು ನೋಡಿದರೆ ನಕ್ಕಾರು. ನನಗೆ ಸಾಕಾಗಿತ್ತು.

ದೀಪಾವಳಿ ಮುಗಿದ ಮೇಲೆ ತಯಾರಿಗೆ ಕೂತೆ. ಮಗಳ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಎಲ್ಲ ಬರೆದೆ. ಯಾರು ಎಲ್ಲಿ ಹತ್ತಬೇಕು, ಯಾರು ಏನು ತರಬೇಕು, ಅವ್ವನ ಮೊಣಕಾಲಿಗೆ ಹಚ್ಚುವ ಎಣ್ಣೆ, ಮಧ್ಯಾಹ್ನ ಮಲಗಲು ಕೌದಿ. ಪಾರ್ಕಿಗೆ ಎರಡು ಸಲ ಫೋನ್ ಮಾಡಿದೆ. "ಎಳ್ಳ ಅಮಾಸಿ ದಿನ ಓಪನ್ ಇರ್ತದೇನ್ರೀ?" "ಓಪನ್ ಇರ್ತದ ಬರ್ರಿ ಮೇಡಂ." "ಹೊರಗಿನ ಊಟ ಬಿಡ್ತೀರೇನು?" "ತರ್ರಿ, ಏನೂ ಅಡ್ಡಿ ಇಲ್ಲ." ಇನ್ನೇನು ಬೇಕು? ನನ್ನ ಗಂಡ ಪೇಪರ್ ಓದುತ್ತಾ, "ಆಪರೇಷನ್ ಥಿಯೇಟರಿಗೂ ಇಷ್ಟ್ ತಯಾರಿ ಮಾಡಂಗಿಲ್ಲ ನೋಡು" ಎಂದರು. "ನೀವು ಸುಮ್ಮ ಪೇಪರ್ ಓದ್ರಿ" ಎಂದೆ.

ಎಲ್ಲರೂ ಕೂರುವಂಥ ಟಂಟಂ ಆಟೊ ಹುಡುಕಲು ಹೊರಟಾಗ ಮೊದಲ ಪೆಟ್ಟು ಬಿತ್ತು. ಜಗತ್ ಸರ್ಕಲ್ಲಿನಲ್ಲಿ ನಿಂತಿದ್ದ ಮೂವರನ್ನು ಕೇಳಿದೆ. ಮೂವರೂ ನನ್ನನ್ನು ಹುಚ್ಚಿಯನ್ನು ನೋಡಿದಂತೆ ನೋಡಿದರು. "ಎಳ್ಳ ಅಮಾಸಿ ದಿನ ಗಾಡಿ ಯಾರ್ ಹೊಡೀತಾರ್ರೀ ಅಕ್ಕಾರ? ನಾವೂ ಹೊಲಕ್ಕ ಹೋಗಬೇಕಲ್ಲ!" ಕೊನೆಗೆ ನಮ್ಮ ಓಣಿಯ ಚಾಚಾ ಒಪ್ಪಿದರು. "ಅರೇ ಬೇಟಿ, ಫಿಕರ್ ನಕ್ಕೋ. ಮುಂಜಾನೆ ಬಿಡ್ತೀನಿ, ಸಂಜಿಗಿ ಬಂದು ಕರಕೊಂಡು ಬರ್ತೀನಿ. ನಡುವ ಮಾತ್ರ ನನ್ನ ಕೇಳಬ್ಯಾಡ, ದೋಸ್ತನ ಹೊಲದಾಗ ದಾವತ್ ಅದ." ನಾನು ಖುಷಿಯಿಂದ ನೋಟ್‌ಬುಕ್ಕಿನಲ್ಲಿ ಗೀಟು ಹೊಡೆದೆ. ಟಂಟಂನವರು ಹೊಲಕ್ಕೆ ಹೋದರೆ ಇನ್ನೂ ಯಾರ್ಯಾರು ಹೋಗುತ್ತಾರೆ ಎಂಬ ಯೋಚನೆ ನನ್ನ ತಲೆಗೆ ಹೊಳೆಯಲೇ ಇಲ್ಲ.

ಅವ್ವನಿಗೆ ಹೇಳಿದಾಗ ಅವಳು ಕುಸುಬಿ ಆರಿಸುತ್ತಿದ್ದಳು. "ವರ್ಷಾ ಕರೀತಾರ. ಹೋಗದಿದ್ರ ಏನಂದಾರು?" ಎಂದಳು.

"ಏನರ ಅನ್ಲಿ. ನಿನ್ನ ಮಮ್ಮಗಳು ನಿನ್ನ ಜೋಡಿ ತೊಟ್ಟಲಾ ಹತ್ತಬೇಕಂತ ಕುಂತಾಳ. ಅಕಿಗಿ ನೀನ ಹೇಳು ಬರಂಗಿಲ್ಲಂತ."

ಅದು ಸುಳ್ಳೇನಲ್ಲ, ಮಗಳಿಗೆ ಆ ಮಾತು ಕಲಿಸಿದವಳು ಮಾತ್ರ ನಾನು. ಅವ್ವ ಮೊರದಲ್ಲಿದ್ದ ಕುಸುಬಿಯನ್ನು ಒಮ್ಮೆ ಕೇರಿದಳು. ಆಮೇಲೆ "ಆತು" ಎಂದಳು. ಆ "ಆತು" ಅರ್ಧ ಮನಸ್ಸಿನದು ಎಂದು ನನಗೆ ಗೊತ್ತಿತ್ತು.

ಅಮಾವಾಸ್ಯೆಯ ಮುಂಜಾನೆ ನಾನು, ನನ್ನ ಗಂಡ, ಮಗಳು ಚಾಚಾನ ಟಂಟಂನಲ್ಲಿ ಕಮಲಾಪುರಕ್ಕೆ ಹೋಗಿ ಅವ್ವನನ್ನೂ ತಮ್ಮನನ್ನೂ ಅವನ ಹೆಂಡತಿಯನ್ನೂ ಹತ್ತಿಸಿಕೊಂಡೆವು. ಅವ್ವ ಬೆಳಕು ಹರಿಯುವ ಮೊದಲೇ ಎದ್ದು ಕಡಬು, ಭಜ್ಜಿ ಎಲ್ಲ ಮಾಡಿ ಬುಟ್ಟಿ ತುಂಬಿದ್ದಳು. ರಸ್ತೆಯ ತುಂಬ ಜನ. ಟ್ರ್ಯಾಕ್ಟರಿನಲ್ಲಿ, ಬೈಕಿನಲ್ಲಿ, ಕಾಲ್ನಡಿಗೆಯಲ್ಲಿ, ಎಲ್ಲರ ಬಳಿಯೂ ಬುತ್ತಿಯ ಬುಟ್ಟಿ. ಎಲ್ಲರೂ ರಸ್ತೆ ಬಿಟ್ಟು ಹೊಲಕ್ಕೆ ಇಳಿಯುತ್ತಿದ್ದರೆ ನಾವೊಬ್ಬರೇ ಡಾಂಬರು ಹಿಡಿದು ಸಿಟಿಯ ಕಡೆ ಹೊರಟಿದ್ದೆವು. ಗೌಡರ ಹೊಲದ ಹಾದಿ ಬಂದಾಗ ಅವ್ವ ತಿರುಗಿ ನೋಡಿದಳು. ನಾನು ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

ಪಾರ್ಕಿನ ಗೇಟು ತೆರೆದಿತ್ತು. ಚಾಚಾ ನಮ್ಮನ್ನು ಇಳಿಸಿ, ದಾವತ್ತಿಗೆ ತಡವಾಯಿತೆಂದು ಧೂಳೆಬ್ಬಿಸಿಕೊಂಡು ಹೋದರು. ಒಳಗೆ ಒಬ್ಬ ವಾಚ್‌ಮನ್ ಬಿಟ್ಟರೆ ನರಪಿಳ್ಳೆ ಇರಲಿಲ್ಲ. ರೈಲು ನಿಂತಿತ್ತು, ದೋಣಿ ನಿಂತಿತ್ತು, ತೊಟ್ಟಿಲೂ ನಿಂತಿತ್ತು.

"ಚಾಲೂ ಮಾಡ್ರಿ" ಎಂದೆ.

"ಆಪರೇಟರ್ ಹೊಲಕ್ಕ ಹೋಗ್ಯಾನ್ರೀ."

"ಮತ್ತ ಓಪನ್ ಅದ ಅಂದ್ರಿ ಫೋನಿನ್ಯಾಗ!"

"ಓಪನ್ ಅದಲ್ರೀ. ಗೇಟ್ ತಗದೀವಿ ನೋಡ್ರಿ. ನಡಸವರು ಇಲ್ಲ ಅಷ್ಟ. ಎಳ್ಳ ಅಮಾಸಿ ಅಲ್ಲೇನ್ರೀ ಇವತ್ತ?" ಆತ ನನಗೇ ತಿರುಗಿ ಕೇಳಿದ. ಇದೇ ಮಣ್ಣಿನಲ್ಲಿ ಹುಟ್ಟಿ ಬೆಳೆದವಳು, ಅಷ್ಟೂ ತಿಳಿಯಲಿಲ್ಲವೇ ಎಂಬಂತಿತ್ತು ಮುಖ. ನನ್ನ ಗಂಡ ನಗು ತಡೆಯಲಾಗದೆ ಆಚೆ ತಿರುಗಿದರು. ಎರಡು ತಿಂಗಳು ಕೂತು ಮೊಣಕಾಲೆಣ್ಣೆಯವರೆಗೆ ಬರೆದವಳು ನಾನು. ತೊಟ್ಟಿಲು ತಿರುಗಿಸುವವನಿಗೂ ಒಂದು ಹೊಲ ಇರಬಹುದೆಂದು ಬರೆದಿರಲಿಲ್ಲ.

"ಯಾವಾಗ ಬರ್ತಾನ?"

"ಉಂಡು ಬರ್ತಾನ್ರೀ."

ಅವ್ವನ ಮುಖ ಅರಳಿತು. "ಹಂಗಾರ ಗೌಡ್ರ ಹೊಲಕ್ಕ ಹೋಗೂನು ನಡೀರಿ. ಹೊತ್ತು ಇನ್ನೂ ಅದ. ಬುತ್ತಿ ಅಂತೂ ಕಟ್ಟೇ ಅದ" ಎಂದು ಬುಟ್ಟಿ ಎತ್ತಿಕೊಂಡೇಬಿಟ್ಟಳು. ತಮ್ಮನೂ "ಇಲ್ಲಿ ಕುಂತು ಏನ್ ಮಾಡೂನು ಅಕ್ಕಾ? ಯಾವ್ದರ ಗಾಡಿಗಿ ಕೈ ಮಾಡ್ತೀನಿ" ಎಂದ. ತಮ್ಮನ ಹೆಂಡತಿ ಚಪ್ಪಲಿ ಮೆಟ್ಟಿಕೊಂಡಳು. ನನ್ನ ಗಂಡ ನನ್ನ ಮುಖ ನೋಡಿದರು.

ನಾನು ಕೌದಿ ಬಿಚ್ಚಿ ಹುಲ್ಲಿನ ಮೇಲೆ ಹಾಸಿ ನಡುಮಧ್ಯೆ ಕೂತೆ.

"ಯಾರ್ ಹೋಗ್ತೀರೋ ಹೋಗ್ರಿ. ನಾ ಏಳಂಗಿಲ್ಲ. ನನ್ನ ಮಗಳೂ ಬರಂಗಿಲ್ಲ."

"ಏ ಹುಚ್ಚಿ, ಹಬ್ಬದ ದಿನ ಇದೇನು ಹಟ?" ಎಂದಳು ಅವ್ವ.

ಆಗ ನನ್ನ ಕಟ್ಟೆ ಒಡೆಯಿತು. ಎಲ್ಲರ ಎದುರಿಗೇ ಕೂಗಾಡಿದೆ. "ಹೌದು, ಹಟಾನ! ನೀ ಆ ಬದುವಿನ ಆಚೆ ಬಿಸಲಾಗ ಕೂಡೋದು ನನಗ ನೋಡಾಕ ಆಗಂಗಿಲ್ಲ ಯವ್ವಾ. ಯಾರೂ ಅಲ್ಲಿ ಕೂಡು ಅನ್ನಂಗಿಲ್ಲ, ನೀನಾಗೇ ಹೋಗ್ತೀ! ಅವರು ಕರದ್ರೂ ಬರಂಗಿಲ್ಲ! ಹೋದ ವರ್ಷ ಇಕಿಗಿ ಏನ್ ಹೇಳಿದಿ? ನಮ್ಮ ಜಾಗಾ ಅಂತ ಹೇಳಿದಿ. ಅದಕ್ಕೇನ ನಾವು ಸಾಲಿ ಕಲ್ತಿದ್ದು?" ಹೇಳುತ್ತ ಹೇಳುತ್ತ ಕಣ್ಣೀರು ದಳದಳ ಇಳಿಯಿತು. ವಾಚ್‌ಮನ್ ಮೆಲ್ಲಗೆ ಗೇಟಿನ ಕಡೆ ಜಾಗ ಖಾಲಿ ಮಾಡಿದ.

ಅವ್ವ ಬುಟ್ಟಿ ಇಳಿಸಿದಳು. ನನ್ನ ಪಕ್ಕದಲ್ಲಿ ಕೂರಲಿಲ್ಲ, ನಿಂತೇ ಮಾತಾಡಿದಳು.

"ನೀ ಮೂರು ವರ್ಷದಾಕಿ ಇದ್ದಿ. ಹೊಸದಾಗಿ ಕೂಲಿಗಿ ಹತ್ತಿದ್ದೆ. ಎಳ್ಳ ಅಮಾಸಿ ದಿನ ತಿಳೀದ ನೆರಳಿಗಿ ಹೋಗಿ ಎಲ್ಲರ ಸಂಗಾಟ ಕುಂತೆ. ನೀ ತೊಡಿ ಮ್ಯಾಲ ಇದ್ದಿ, ಕೈಯಾಗ ತುತ್ತಿತ್ತು. ದೊಡ್ಡ ಗೌಡಸಾನಿ ಬಂದು 'ಏಳ, ಆ ಕಡಿ ಹೋಗಿ ಕೂಡು' ಅಂದ್ಲು. ಎಲ್ಲಾರೂ ನೋಡಾಕತ್ತಿದ್ರು. ಎದ್ದು ಹ್ವಾದೆ. ನೀ ಅಳಾಕತ್ತಿದ್ದಿ. ಅಕಿ ಈಗಿಲ್ಲ, ಸತ್ತು ಹೋದ್ಲು. ಈಗಿನವರು ಒಳ್ಳೇವ್ರು, ನಂಗೂ ಗೊತ್ತದ. ಆದ್ರ ಮತ್ತ ಯಾರರ ಏಳು ಅಂದಗಿಂದಾರಂತ ನಾನಾಗೇ ಮೊದಲ ಅಲ್ಲಿ ಹೋಗಿ ಕೂಡ್ತೀನಿ. ಅಲ್ಲಿಂದ ಯಾರೂ ಎಬ್ಬಸಂಗಿಲ್ಲ ನೋಡು."

ಇಷ್ಟು ವರ್ಷ ನಾನು ಅದನ್ನು ಅವ್ವನ ದೈನ್ಯ ಅಂದುಕೊಂಡಿದ್ದೆ. ಮನಸ್ಸಿನಲ್ಲೇ ಎಷ್ಟು ಸಲ ಬೈದಿದ್ದೆನೋ. ನನಗೆ ನಾಚಿಕೆಯಾಯಿತು. ತಮ್ಮನೂ ಇದನ್ನು ಮೊದಲ ಸಲ ಕೇಳುತ್ತಿದ್ದ.

ಅಷ್ಟರಲ್ಲಿ ತಮ್ಮನ ಫೋನು ರಿಂಗಾಯಿತು. ಗೌಡರ ಸೊಸೆ. ತಮ್ಮ ಏನು ಹೇಳಬೇಕೆಂದು ತಿಳಿಯದೆ ಫೋನನ್ನು ಅವ್ವನ ಕೈಗೆ ಕೊಟ್ಟ. ಆ ಹುಡುಗಿಯ ದನಿ ನಮಗೂ ಕೇಳುತ್ತಿತ್ತು: "ಎಲ್ಲಿದ್ದೀರಿ ಆಯಿ? ನಿಮ್ಮ ಹಾದಿ ನೋಡಾಕತ್ತೀವಿ, ಜಲ್ದಿ ಬರ್ರಿ." ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಅವ್ವ ನನ್ನನ್ನು ನೋಡಿದಳು, ಜಾರುಬಂಡಿಯ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದ ಮೊಮ್ಮಗಳನ್ನು ನೋಡಿದಳು.

"ಇಲ್ಲವ್ವಾ, ಈ ವರ್ಷ ಬರಂಗಿಲ್ಲ. ನನ್ನ ಮಕ್ಕಳು ತೊಟ್ಟಲಾ ಆಡಾಕ ಕರಕೊಂಡು ಬಂದಾರ. ನೀವು ಉಣ್ರಿ, ಕಾಯಬ್ಯಾಡ್ರಿ" ಎಂದಳು. ಫೋನು ವಾಪಸ್ ಕೊಟ್ಟು, ಕೌದಿಯ ಮೇಲೆ ಕೂತು ಬುಟ್ಟಿ ಬಿಚ್ಚಿದಳು. ವಾಚ್‌ಮನ್‌ನನ್ನೂ ಕರೆದಳು. ಆತ ಮೂರು ಕಡಬು ಭಜ್ಜಿಯ ಜೊತೆ ತಿಂದು, ತನ್ನ ಮನೆಯ ಭಜ್ಜಿಗಿಂತ ಇದು ಭೇಷಾಗಿದೆ ಎಂದ.

ಆಪರೇಟರ್ ಬಂದದ್ದು ಊಟವಾಗಿ, ನಾವೆಲ್ಲ ಒಂದು ನಿದ್ದೆ ತೆಗೆದ ಮೇಲೆ. ನಡುವಯಸ್ಸಿನ ಮನುಷ್ಯ, ಬಾಯಿ ತುಂಬ ಎಲೆಅಡಿಕೆ, ಕಣ್ಣಲ್ಲಿ ಹೊಲದ ಊಟದ ಮಂಪರು. ನನಗೆ ಅವನ ಮೇಲೆ ಸಿಟ್ಟು ಕೂಡ ಬರಲಿಲ್ಲ. ತೊಟ್ಟಿಲಿನ ಕೆಳಗಿನ ಡಬ್ಬಿಯ ಬಾಗಿಲು ತೆಗೆದ. ಅವ್ವ ಎಲ್ಲರಿಗಿಂತ ಮೊದಲು ಹತ್ತಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಸೀಟಿನ ನಡುವೆ ಕೂತಳು. ಅವಳ ಹಿಂದೆ ನಾನು, ತಮ್ಮನ ಹೆಂಡತಿ, ನನ್ನ ಗಂಡ ಹತ್ತಿದೆವು. ಮಗಳು ಕೆಳಗೆ ತಮ್ಮನ ಕೈ ಹಿಡಿದು ಕುಣಿಯುತ್ತಿದ್ದಳು.

ಆಪರೇಟರ್ ಒಂದು ಸಲ ಮೇಲೆ ನೋಡಿದ, ಒಂದು ಸಲ ನಮ್ಮನ್ನು ನೋಡಿದ. "ಎಲ್ಲಾರೂ ಒಂದೇ ಕಡಿ ಆದ್ರ ಭಾರ ಆಗ್ತದ್ರೀ" ಎಂದು ಅವ್ವನ ಕಡೆ ಕೈ ಮಾಡಿದ. "ಆಯಿ, ಏಳ್ರಿ ನೀವು. ಇಳದು ಆ ಕಡೀದ್ರಾಗ ಕೂಡ್ರಿ."

ಪಾಪ, ಅವನಿಗೇನು ಗೊತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಎರಡೂ ಕೈಯಿಂದ ಎದುರಿನ ಸರಳು ಹಿಡಿದುಕೊಂಡಳು.

"ನಾ ಏಳಂಗಿಲ್ಲೋ ತಮ್ಮಾ" ಎಂದಳು. ದನಿ ಏರಿಸಲಿಲ್ಲ. "ಭಾರ ಆದ್ರ ಬ್ಯಾರೇದವರನ್ನ ಎಬ್ಬಸು. ನಾ ಇಲ್ಲೇ ಕೂಡಾಕಿ."

ಆಪರೇಟರ್ ತಲೆ ಕೆರೆದುಕೊಂಡ. ನನ್ನ ಗಂಡ ಎದ್ದು ಇಳಿದರು, ತಮ್ಮನ ಹೆಂಡತಿಯೂ ಇಳಿದಳು. ಅವ್ವ ಒಂದಿಷ್ಟೂ ಸರಿಯಲಿಲ್ಲ. ಕೆಳಗೆ ನಿಂತಿದ್ದ ಮೊಮ್ಮಗಳಿಗೆ ತನ್ನ ಪಕ್ಕದ ಸೀಟು ತಟ್ಟಿ ತೋರಿಸಿ ಕರೆದಳು, "ಬಾ, ಇಲ್ಲಿ ಕೂಡು."