ಆನೆ ಸಾಲಿನ ಸ್ಪ್ಯಾನಿಷ್

ತೆಂಗಿನಕಾಯಿ ಕೊಳ್ಳುವಾಗ ನಾನು ಮೂರು ಸಲ ಅಲ್ಲಾಡಿಸಿ, ಎರಡು ಸಲ ಬೆರಳಲ್ಲಿ ತಟ್ಟಿ, ಆಮೇಲೂ ಅಂಗಡಿಯವನ ಮುಖ ನೋಡುತ್ತೇನೆ. ಅರಸೀಕೆರೆಯಲ್ಲಿ ಹುಟ್ಟಿ ಬೆಳೆದವಳು. ಕೆಟ್ಟ ಕಾಯಿ ಹೊರಗಿನಿಂದ ಎಷ್ಟು ಚೆನ್ನಾಗಿ ಕಾಣುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಮನುಷ್ಯರ ವಿಷಯದಲ್ಲೂ ನನ್ನದು ಇದೇ ಬುದ್ಧಿ. ಹೀಗಿರುವಾಗ, ಹಳೇಬೀಡಿನ ದೇವಸ್ಥಾನದಲ್ಲಿ ಎಲ್ಲರಿಗಿಂತ ಹಿರಿಯ ಗೈಡ್ ಒಂದು ಮಧ್ಯಾಹ್ನ ನನ್ನನ್ನು ಕರೆದು, "ತಂಗೀ, ಸ್ಪ್ಯಾನಿಷ್ ಕಲೀತೀಯೇನಮ್ಮ? ನಾನ್ ಹೇಳ್ಕೊಡ್ತೀನಿ" ಅಂದರೆ ನಾನು ಕುಣಿದಾಡುವುದುಂಟೆ?

"ಯಾಕೆ?" ಅಂದೆ.

"ಯಾಕೆ ಅಂದ್ರೆ? ಕಲಿಯಾಕೆ" ಅಂತ ಅವರು ನಕ್ಕರು.

ಆ ನಗುವೂ ನನಗೆ ಹಿಡಿಸಲಿಲ್ಲ. ನಾನೂ ಅಲ್ಲಿ ಗೈಡ್. ಮೂರು ವರ್ಷದಿಂದ ದಿನಾ ಬೆಳಿಗ್ಗೆ ಬಾಣಾವರ, ಜಾವಗಲ್ ದಾಟಿ ಬಸ್ಸಿನಲ್ಲಿ ಬಂದು, ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಸರದಿಗಾಗಿ ಕಾಯುತ್ತಿದ್ದೆ. ಸರದಿ ಅನ್ನುವುದು ಹೆಸರಿಗೆ ಮಾತ್ರ. ಬಂದವರು ನನ್ನ ಸೀರೆ ನೋಡಿ, ಪಕ್ಕದ ಗಂಡಸಿನ ಕಡೆ ತಿರುಗಿ, "ನೀವು ಬರ್ತೀರಾ ಸಾರ್?" ಅನ್ನುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು. ಬೇರೆ ಯಾರಿಗೂ ಬಾರದ ಒಂದು ಭಾಷೆ ನನಗೆ ಬಂದರೆ, ಆ ಭಾಷೆಯ ಜನ ನನ್ನನ್ನು ದಾಟಿ ಹೋಗುವಂತಿರಲಿಲ್ಲ. ಅದು ನನಗೆ ಬೇಕಿತ್ತು, ತುಂಬಾ ಬೇಕಿತ್ತು. ಆದರೆ ಸ್ಪೇನಿನಿಂದ ಬರುವ ಗುಂಪುಗಳೆಲ್ಲ ಈ ಹಿರಿಯರ ಪಾಲು. ಗಂಡಸಿ ಅನ್ನುವ ಊರಿನ ಕಡೆಯ ರೈತ ಮನುಷ್ಯ, ಯಾವ ಕಾಲದಲ್ಲೋ ದೇವಸ್ಥಾನದ ಚಿತ್ರ ಬರೆಯಲು ಬಂದು ಆರು ತಿಂಗಳು ಉಳಿದ ಸ್ಪೇನಿನವಳೊಬ್ಬಳಿಂದ ಭಾಷೆ ಕಲಿತಿದ್ದರಂತೆ. ತನ್ನ ತಟ್ಟೆಯ ಅನ್ನವನ್ನು ಎತ್ತಿ ಇನ್ನೊಬ್ಬರ ತಟ್ಟೆಗೆ ಯಾರು ಸುಮ್ಮನೆ ಹಾಕುತ್ತಾರೆ?

ಬೆಂಚಿನ ಮೇಲೆ ಸದಾ ಟೊಪ್ಪಿ ಹಾಕಿಕೊಂಡು ಕೂರುವ ಇನ್ನೊಬ್ಬ ಗೈಡ್ ಇದ್ದ. ಅವನು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: "ಹುಷಾರು ಕಣಕ್ಕ. ಹಿಂದೆ ಇವ್ರು ಒಬ್ಬನಿಗೆ ಸ್ವಾಗತದ ಮಾತು ಅಂತ ಬೈಗುಳ ಹೇಳ್ಕೊಟ್ಟಿದ್ರು. ಅವನು ಗುಂಪಿನ ಮುಂದೆ ಅಂದೇಬಿಟ್ಟ. ಆಮೇಲೆ ಈ ಕಡೆ ತಲೆನೇ ಹಾಕ್ಲಿಲ್ಲ."

ನಾನು ಕಲಿಯುವುದಂತೂ ಬಿಡಲಿಲ್ಲ. ಫೋನಿನ ರೆಕಾರ್ಡಿಂಗ್ ಒತ್ತಿ, ಅದನ್ನು ಹೆಗಲಿನ ಬಟ್ಟೆಚೀಲದೊಳಗೆ ಹಾಕಿಕೊಂಡು ಹೋದೆ. ಮೋಸ ಮಾಡಿದರೆ ಸಾಕ್ಷಿ ಇರಲಿ ಅಂತ.

ಅವರು ಪುಸ್ತಕ ತೆಗೆಯಲಿಲ್ಲ. ಸೀದಾ ದೇವಸ್ಥಾನದ ಹೊರಗೋಡೆಯ ಹತ್ತಿರ ಕರೆದುಕೊಂಡು ಹೋಗಿ, ಎಲ್ಲಕ್ಕಿಂತ ಕೆಳಗಿನ ಆನೆಗಳ ಸಾಲಿನ ಮುಂದೆ ನಿಲ್ಲಿಸಿದರು. "ಮಿರಾರ್ ಅಂದ್ರೆ ನೋಡೋದು. ನಮ್ ಕೆಲ್ಸನೇ ಅದು, ನೋಡಿ ನೋಡಿ ಅನ್ನೋದು. ಒಂದ್ ಆನೆಗೆ ಒಂದ್ ಮಾತು. ಮಗ್ಗಿ ಹೇಳ್ದಂಗೆ ಹೇಳ್ತಾ ನಡಿ." ಮೊದಲನೆಯ ಆನೆ ನಾನು: ಮೀರೊ, ನೋಡುತ್ತೇನೆ. ಎರಡನೆಯದು ನೀನು: ಮೀರಾಸ್. ಮೂರನೆಯದು ಅವನು ಅಥವಾ ಅವಳು: ಮೀರಾ. ಆಮೇಲೆ ನಾವು, ಮಿರಾಮೊಸ್. ನೀವುಗಳು, ಮಿರಾಯಿಸ್. ಅವರು, ಮೀರಾನ್. ಆರು ಆನೆ ಮುಗಿದರೆ ಮತ್ತೆ ಮೊದಲಿನಿಂದ. ಮೂಲೆ ತಿರುಗುವ ಹೊತ್ತಿಗೆ ನಾಲಿಗೆಗೆ ಹತ್ತಿಬಿಟ್ಟಿತ್ತು.

"ಇಂಗ್ಲಿಷ್‌ನೋರು ಇದಕ್ಕೆ ಒದ್ದಾಡ್ತಾರೆ ಕಣಮ್ಮ. ನಮಗೇನು ಕಷ್ಟ? ನೋಡ್ತೀನಿ, ನೋಡ್ತೀಯ, ನೋಡ್ತಾನೆ. ನಮ್ ಮಾತಿನ ಬಾಲನೂ ಹಿಂಗೇ ತಿರುಗ್ತದಲ್ಲ."

ಆನೆಯ ಮೇಲಿನ ಸಿಂಹದ ಸಾಲು, ಮುಗಿದುಹೋದ ಕೆಲಸಕ್ಕೆ. ಮಿರೇ, ನೋಡಿದೆ. ಮಿರಾಸ್ತೆ, ನೋಡಿದೆ ನೀನು. ಮಿರೋ, ಆನೆ ಸಾಲಿನದೇ ಮಿರಾಮೊಸ್, ಮಿರಾಸ್ತೆಯಿಸ್, ಮಿರಾರೊನ್. ಅದರ ಮೇಲೆ ಬಳ್ಳಿ ದಾಟಿ ಕುದುರೆ ಸವಾರರ ಸಾಲು. ಅದು ಆಗ ನಡೆಯುತ್ತಲೇ ಇದ್ದ ಕೆಲಸಕ್ಕೆ. ಮಿರಾಬಾ, ಮಿರಾಬಾಸ್, ಮಿರಾಬಾ, ಮಿರಾಬಾಮೊಸ್, ಮಿರಾಬಾಯಿಸ್, ಮಿರಾಬಾನ್. "ರಾಣಿ ಕನ್ನಡಿ ನೋಡಿದಳು ಅಂದ್ರೆ ಸಿಂಹ. ದಿನಾ ನೋಡ್ತಿದ್ದಳು ಅಂದ್ರೆ ಕುದುರೆ. ತಿಳೀತಾ?" ತಿಳಿಯಿತು. ಇಷ್ಟು ಚೆನ್ನಾಗಿ ಯಾರೂ ನನಗೆ ಏನನ್ನೂ ಕಲಿಸಿರಲಿಲ್ಲ. ಅದಕ್ಕೇ ಭಯ ಇನ್ನೂ ಹೆಚ್ಚಾಯಿತು.

ಮೊದಲ ಎರಡು ದಿನ ಮನೆಗೆ ಬಂದು ರೆಕಾರ್ಡಿಂಗನ್ನು ಫೋನಿನಲ್ಲಿ ಸಿಗುವ ಸ್ಪ್ಯಾನಿಷ್ ಪಾಠದ ಜೊತೆ ತಾಳೆ ನೋಡಿದೆ. ಎಲ್ಲ ಸರಿಯಿತ್ತು. ನಂಬಿಕೆ ಬರಲಿ ಅಂತ ಮೊದಲು ಸರಿಯಾಗಿ ಹೇಳುತ್ತಿದ್ದಾರೆ ಅಂದುಕೊಂಡೆ. ಆಮೇಲೆ ತಾಳೆ ನೋಡುವುದನ್ನೂ ಬಿಟ್ಟೆ. ನನ್ನಂಥವರ ಕಥೆಯೇ ಇಷ್ಟು: ಅನುಮಾನಕ್ಕೆ ಬೇಕಾದಷ್ಟು ಪುರುಸೊತ್ತು, ಪರೀಕ್ಷೆ ಮಾಡುವುದಕ್ಕೆ ಸೋಮಾರಿತನ. ಇನ್ನೊಂದು ವಿಷಯ ಬೇರೆ ಕೊರೆಯುತ್ತಿತ್ತು. ಪ್ರತಿ ಮಾತನ್ನೂ ಅವರು ಮೂರು ಸಲ, ಜೋರಾಗಿ, ನನ್ನ ಮುಖ ನೋಡದೆ ನನ್ನ ಚೀಲದ ಕಡೆ ನೋಡಿಕೊಂಡು ಹೇಳುತ್ತಿದ್ದರು. ನನ್ನ ಚೀಲದಲ್ಲಿ ಏನಿದ್ದರೆ ಇವರಿಗೇನು?

ಮೂರು ಸಾಲು ಮುಗಿದ ಮೇಲೆ, ಮುಂದೆ ಆಗುವುದನ್ನು ಹೇಳುವ ಸಾಲು ಯಾವಾಗ ಅಂತ ಕೇಳಿದೆ. "ಅದು ಮ್ಯಾಲಿನ ಮಕರದ ಸಾಲು. ನಿಧಾನಕ್ಕೆ ನೋಡಾಣ. ಗೈಡ್‌ಗೆ ಆಗಿದ್ದು ಹೇಳೋಕೆ ಬಂದ್ರೆ ಸಾಕು, ಆಗೋದು ಕಟ್ಕೊಂಡು ಏನು?" ಅಂದರು. ನನಗೆ ಸುಳಿವು ಸಿಕ್ಕಿದಂತಾಯಿತು. ಇಲ್ಲೇ ಇದೆ ಕೈಚಳಕ, ಅರ್ಧಕ್ಕೆ ಕೈಬಿಡುತ್ತಾರೆ ಅಂದುಕೊಂಡೆ.

ಅದೇ ವಾರ ಒಂದು ಮಧ್ಯಾಹ್ನ ಬೇಲೂರಿನ ಟೂರ್ ಏಜೆಂಟ್ ಫೋನ್ ಮಾಡಿದ. "ನಾಳೆ ಹದಿನೆಂಟು ಜನ ಸ್ಪೇನ್‌ನೋರು, ಮೇಡಂ. ಬೇಲೂರು ಮುಗಿಸಿ ಹಳೇಬೀಡಿಗೆ ಬರ್ತಾರೆ. ನಿಮ್ ಹಿರಿಯರನ್ನ ಕೇಳಿದ್ರೆ, ನಂಗೆ ಬೇಡ, ಆ ಹೆಣ್ಮಗಳಿಗೆ ಕೊಡಿ ಅಂದ್ರು."

ಸಂತೋಷಪಡಬೇಕಿತ್ತು. ನನಗೆ ತಲೆ ಕೆಟ್ಟುಹೋಯಿತು. ಒಂದು ಸಾಲು ಬಾಕಿ ಇಟ್ಟುಕೊಂಡು, ಒಂದೇ ದಿನ ಮುಂಚೆ ಹೇಳಿ, ಹದಿನೆಂಟು ಜನರ ಮುಂದೆ ನನ್ನನ್ನು ತಳ್ಳುತ್ತಾರೆಂದರೆ? "ಬೇಡ ಸಾರ್" ಅಂದೆ. "ಅವರು ಬೇಕಂತಲೇ ತಪ್ಪು ಕಲಿಸಿದಾರೆ. ಜನರ ಮುಂದೆ ನನ್ನ ಮರ್ಯಾದೆ ತೆಗೀಬೇಕು ಅಂತ. ನನ್ ಹತ್ರ ರೆಕಾರ್ಡಿಂಗ್ ಇದೆ."

"ಹೌದಾ? ಎಲ್ಲಿ ತಪ್ಪಿದೆಯೋ ಅಷ್ಟನ್ನ ಕಳಿಸಿ" ಅಂದ ಏಜೆಂಟ್.

ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತಪ್ಪು ಹುಡುಕತೊಡಗಿದೆ. ಸಿಂಹದ ಸಾಲಿನಲ್ಲಿ ತಪ್ಪಿಲ್ಲ. ಕುದುರೆ ಸಾಲಿನಲ್ಲೂ ಇಲ್ಲ. ಸ್ವಾಗತದ ಮಾತು ಸ್ವಾಗತದ್ದೇ. ಜಾವಗಲ್ ಬಂತು, ಹೋಯಿತು. ಕೊನೆಯ ರೆಕಾರ್ಡಿಂಗಿನಲ್ಲಿ, ಚೀಲವನ್ನು ಜಗಲಿಯ ಮೇಲಿಟ್ಟು ನೀರು ತರಲು ನಾನು ಎದ್ದು ಹೋದ ಮೇಲಿನ ಮಾತೂ ಸೇರಿಕೊಂಡಿತ್ತು. ಟೊಪ್ಪಿಯವನ ದನಿ ಕೇಳಿಸಿತು.

"ಅಲ್ಲಣ್ಣ, ಯಾಕ್ ಬೇಕಿತ್ತು ನಿಂಗೆ? ನಾಳೆ ನಿನ್ ಅನ್ನಕ್ಕೇ ಕಲ್ಲು ಹಾಕ್ತಾಳೆ. ನೋಡಿಲ್ಲಿ, ಚೀಲದಾಗೆ ಫೋನ್ ಇಟ್ಕೊಂಡು ಕದ್ದು ರೆಕಾರ್ಡ್ ಮಾಡ್ತಾವ್ಳೆ."

"ಗೊತ್ತು ಕಣ್ಲಾ" ಅಂದರು ಹಿರಿಯರು. "ಮೊದಲ್ನೇ ದಿನದಿಂದ ಗೊತ್ತು. ತಿರುಗಾ ತಿರುಗಾ ಕೇಳಾಕೆ ಸಂಕೋಚ, ಪಾಪ. ಮನೇಗೋಗಿ ಕೇಳ್ಕೊಂಡು ಕಲೀಲಿ ಅಂತಾನೇ ಚೀಲದ ಕಡೆ ತಿರುಗಿ ಮೂರ್ಮೂರು ಸಲ ಹೇಳ್ತೀನಿ."

"ನಿಂಗೇನ್ ಸಿಗ್ತದೆ ಇದ್ರಿಂದ?"

"ಇಪ್ಪತ್ ವರ್ಷ ಆಯ್ತು ಈ ಭಾಷೆ ಕಲ್ತು. ಬಂದೋರು ಒಂದ್ ಗಂಟೆ ಮಾತಾಡ್ತಾರೆ, ಬಸ್ ಹತ್ತಿ ಹೋಯ್ತಾರೆ. ಆಮೇಲೆ ನಾನೊಬ್ನೇ. ತ್ವಾಟದಾಗೆ ಹಸು ಜೊತೆ ಮಾತಾಡ್ತೀನಿ ಕಣ್ಲಾ, ನಗಬ್ಯಾಡ. ಇನ್ನೊಬ್ರು ಇದ್ರೆ ದಿನಾ ನಾಕ್ ಮಾತಾಡ್ಬೋದಲ್ಲ. ಅಷ್ಟೇಯ."

ಬಸ್ಸಿನಲ್ಲೇ ಏಜೆಂಟನಿಗೆ ಫೋನ್ ಮಾಡಿ, "ಸಾರ್, ಏನೂ ತಪ್ಪಿಲ್ಲ, ನಾನೇ ತಪ್ಪು ತಿಳ್ಕೊಂಡೆ" ಅಂದೆ. "ಅಯ್ಯೋ, ಆಗಲೇ ಅವರಿಗೆ ಫೋನ್ ಮಾಡಿ ನೀವು ಹೇಳಿದ್ದೆಲ್ಲ ಹೇಳಿ ಉಗಿದಾಯ್ತಲ್ಲ ಮೇಡಂ! ಮೈಸೂರಿಂದ ಬೇರೆಯವರನ್ನ ಕರೆಸ್ತಿದೀನಿ. ನಿಮ್ಮಿಬ್ಬರ ಸಹವಾಸನೂ ಬೇಡ" ಅಂತ ಇಟ್ಟುಬಿಟ್ಟ.

ಮರುದಿನ ಮೈಸೂರಿನ ಗೈಡ್ ಹದಿನೆಂಟು ಜನರನ್ನು ನಮ್ಮ ಬೆಂಚಿನ ಮುಂದೆಯೇ ಕರೆದುಕೊಂಡು ಹೋದ. ಹಿರಿಯರು ತಲೆ ಎತ್ತಲಿಲ್ಲ. ನಾನು ಎದುರು ಹೋಗಿ ನಿಂತು, "ಅಣ್ಣಾ, ತಪ್ಪಾಯ್ತು" ಅಂತ ಶುರುಮಾಡಿ ಒಂದನ್ನೂ ಬಿಡದೆ ಹೇಳಿದೆ. ಅಳು ಬಂತು, ಅತ್ತುಬಿಟ್ಟೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದರು.

"ರೆಕಾರ್ಡ್ ಮಾಡಿದ್ದು ಕಲಿಯಾಕಲ್ವಾ?"

ಹೌದು ಅಂದುಬಿಡಬಹುದಿತ್ತು. "ಅಲ್ಲ" ಅಂದೆ.

ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಬಹಳ ಹೊತ್ತು ಒರೆಸಿದರು. "ಆಯ್ತು ಬಿಡಿ ಮೇಡಂ" ಅಂದರು. ಕಪಾಳಕ್ಕೆ ಹೊಡೆದಿದ್ದರೆ ವಾಸಿಯಿತ್ತು.

ಏಜೆಂಟನ ಸಿಟ್ಟು ಎರಡೇ ತಿಂಗಳಲ್ಲಿ ಇಳಿಯಿತು. ಈಗ ದೊಡ್ಡ ಗುಂಪು ಬಂದರೆ ಅರ್ಧ ಅವರಿಗೆ, ಅರ್ಧ ನನಗೆ. ನನ್ನ ಪಾಲಿನ ಜನ ನನ್ನನ್ನು ದಾಟಿ ಹೋಗುವುದಿಲ್ಲ, ನಾನು ಹೇಳುವಷ್ಟು ಹೊತ್ತೂ ನಿಂತು ಕೇಳುತ್ತಾರೆ. ಮಕರದ ಸಾಲಿನ ಮಿರಾರೇ, ಮಿರಾರಾಸ್, ಮಿರಾರಾ ಎಲ್ಲವನ್ನೂ ಫೋನಿನಿಂದ ಕಲಿತೆ, ಗೋಡೆಯ ಸುತ್ತ ಒಬ್ಬಳೇ ನಡೆದುಕೊಂಡು. ಮೊನ್ನೆ ಬೆಂಚಿನ ಮೇಲೆ ನಾವಿಬ್ಬರೇ ಇದ್ದೆವು. ಧೈರ್ಯ ಮಾಡಿ, ಹೇಗಿದ್ದೀರಿ, ತೋಟದಲ್ಲಿ ಹಸು ಹೇಗಿದೆ ಅಂತ ಸ್ಪ್ಯಾನಿಷ್‌ನಲ್ಲೇ ಕೇಳಿದೆ. ಒಂದು ತಪ್ಪೂ ಇಲ್ಲದೆ ಕೇಳಿದೆ.

"ಚೆನ್ನಾಗಿದೀವಿ ಮೇಡಂ" ಅಂತ ಕನ್ನಡದಲ್ಲಿ ಹೇಳಿ, ಎದ್ದು ಆಚೆ ಬೆಂಚಿಗೆ ಹೋಗಿ ಕೂತರು.