ಗುಟ್ಟಿನ ಕಾಗದಕ್ಕೆ ನಾಲ್ಕು ಸಾಕ್ಷಿ

ಗೆಳೆಯರೇ, ಹೆಂಗಸರ ಮಾನಸಿಕ ಒತ್ತಡದ ಬಗ್ಗೆ ನನ್ನ ಪಿಎಚ್‌ಡಿ ಸರ್ವೆಗೆಂದು ಇವತ್ತು ಕಕ್ಕಿಂಜೆ ಎಂಬ ಊರಿಗೆ ಹೋಗಿದ್ದೆ. ಉತ್ತರಿಸುವವರ ಬಳಿ ಬೇರೆ ಯಾರಾದರೂ ಕೂತರೆ ಫಾರಂ ಹರಿದುಹಾಕುವುದಾಗಿ ಗೈಡ್ ಮೊದಲೇ ಹೇಳಿದ್ದರು. ಉತ್ತರಿಸಲು ಒಪ್ಪಿದ್ದ ಬೀಫಾತುಮ್ಮನ ಜಗಲಿಯಲ್ಲಿ ನಾನು ಕುಳಿತದ್ದೇ ತಡ, ನೆರೆಮನೆಗಳ ನಾಲ್ವರು ಹೆಂಗಸರು ಬಂದು ಸುತ್ತ ಕೂತರು.

“ಸರಿಯಾಗಿ ನಿದ್ದೆ ಬರ್ತದಾ?” ಎಂದು ಕೇಳಿದೆ.

“ಬರ್ತದೆ,” ಎಂದರು ಬೀಫಾತುಮ್ಮ.

“ಸುಳ್ಳು. ಸೊಸೆಯ ಹೆರಿಗೆ ಹತ್ತಿರ ಬಂತಲ್ಲ, ಇವರಿಗೆ ನಿದ್ದೆಯೇ ಇಲ್ಲ,” ಎಂದರು ಪಕ್ಕದ ಮನೆಯ ಗಿರಿಜಕ್ಕ.

“ಇದೆಲ್ಲ ಗುಟ್ಟಾಗಿ ಇಡ್ಬೇಕು, ನೀವು ಸ್ವಲ್ಪ ಆಚೆ ಹೋಗಿ,” ಎಂದೆ.

“ನಮಗೆ ಗೊತ್ತಿಲ್ಲದ ಗುಟ್ಟು ಇವರಿಗೆ ಎಂತ ಉಂಟು ಮಾರಾಯ್ರೆ?” ಎಂದರು ಗಿರಿಜಕ್ಕ.

ಕೊನೆಗೆ ಬೀಫಾತುಮ್ಮ ಗೋಪ್ಯತೆಯ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ಕಾಗದವೆಂದ ಮೇಲೆ ಸಾಕ್ಷಿ ಬೇಡವೇ ಎಂದು ನಾಲ್ವರೂ ಕೆಳಗೆ ಸಹಿ ಹಾಕಿದರು.

‘ಕಷ್ಟ ಹೇಳಿಕೊಳ್ಳಲು ಯಾರಿದ್ದಾರೆ?’ ಎಂಬುದು ಕೊನೆಯ ಪ್ರಶ್ನೆ. ನಾನು ಕೇಳಲೇ ಇಲ್ಲ. ‘ಸಹಿಗಳನ್ನು ನೋಡಿ’ ಎಂದು ಬರೆದು ಬಂದೆ.